ಮೇಷ್ಟ್ರ ಬಸ್ಸಿಗೆ ಹನ್ನೊಂದು ಪ್ರಶ್ನೆ

ನನಗೆ ಗಣಿತ ಕಲಿಸಿದ ಮೇಷ್ಟ್ರು ತೀರಿಕೊಂಡರೆಂದು ತಿಳಿದ ದಿನ ನಾನು ಮೊದಲು ಮಾಡಿದ ಕೆಲಸವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅಳಲಿಲ್ಲ. ಬೀರುವಿನಲ್ಲಿಟ್ಟಿದ್ದ ಅವರ ಟ್ರಸ್ಟಿನ ಒಪ್ಪಂದಪತ್ರ ತೆಗೆದು ಇನ್ನೊಂದು ಸಲ ಓದಿದೆ. ಅದರಲ್ಲಿ ಎಲ್ಲೋ ಏನೋ ಇದ್ದೇ ಇರಬೇಕು ಎಂದು ಆಗಲೂ ಅನ್ನಿಸುತ್ತಿತ್ತು.

ಈ ಗುಮಾನಿ ನನಗೆ ಮನೆಯಿಂದಲೇ ಬಂದದ್ದು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುವ ಮನೆ ನಮ್ಮದು. ಬ್ಯಾರನ್ ಎನ್ನುವ ಎತ್ತರದ ಕೋಣೆಯಲ್ಲಿ ಸೌದೆ ಉರಿಸಿ ಒಣಗಿಸಿದ ಎಲೆಯನ್ನು ಬಣ್ಣ ನೋಡಿ ವಿಂಗಡಿಸಿ, ಗೋಣಿತಾಟಿನಲ್ಲಿ ಬಿಗಿಯಾಗಿ ಸುತ್ತಿ, ಬೇಲು ಮಾಡಿ ಹರಾಜಿಗೆ ಒಯ್ಯುತ್ತೇವೆ. ಮೇಲೆ ಹೊಂಬಣ್ಣದ ಎಲೆ ಇಟ್ಟು ನಡುವೆ ಕರಿಚೂರು ಸೇರಿಸುವ ಕಸುಬು ನಮ್ಮಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಬೇರೆಯವರ ಬೇಲು ಕಂಡರೆ ಮೊಣಕೈವರೆಗೆ ಕೈ ತೂರಿಸದೆ ಬಿಡುತ್ತಿರಲಿಲ್ಲ. "ಒಟ್ಟೆ ಒಳೀಕೆ ಕೈ ಆಕ್ದೆ ಯಾವನ್ ಬೇಲ್ನೂ ಚೆಂದಾಗ್ ಅದೆ ಅನ್ಬೇಡ ಕಣಮ್ಮಿ" ಎಂದು ನನಗೂ ಹೇಳಿಕೊಟ್ಟಿದ್ದ. ಆದರೆ ಹದ ತಪ್ಪಿ ಗರಿಗರಿಯಾದ ಎಲೆಗೆ ಹಾಗೆ ಕೈ ಹಾಕಿದರೆ ಒಳ್ಳೆಯದೂ ಪುಡಿಯಾಗುತ್ತದೆ. ಅದಕ್ಕೆ ಅಪ್ಪ ಬೈಸಿಕೊಂಡದ್ದೂ ಉಂಟು.

ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಈ ಮೇಷ್ಟ್ರು ಸಿಕ್ಕರು. ಹುಣಸೂರಿನ ಕಿರಾಣಿ ಅಂಗಡಿಯವರ ಮಗ. ಹಣೆಯ ಮೇಲೆ ವಿಭೂತಿ, ತೋಳಿನ ಮೇಲೆ ಯಾವಾಗಲೂ ಸೀಮೆಸುಣ್ಣದ ಪುಡಿ. ಗಣಿತದ ಮೇಲೆ ಅವರು ಬರೆದ ಲೇಖನಗಳು ಹೊರದೇಶದ ಪತ್ರಿಕೆಗಳಲ್ಲಿ ಬರುತ್ತಿದ್ದವಂತೆ. ನಮಗೆ ಮಾತ್ರ ಅವರ ಶನಿವಾರದ ಆಟವೇ ದೊಡ್ಡದಾಗಿತ್ತು. ಅಂದು ಬೋರ್ಡಿನ ತುಂಬ ಒಂದು ಪ್ರಮೇಯದ ಸಾಧನೆ ಬರೆದು, ಅದರೊಳಗೆ ಬೇಕೆಂದೇ ಒಂದು ತಪ್ಪು ಅಡಗಿಸಿ, ಕೈಕಟ್ಟಿ ನಿಲ್ಲುವರು. ಹುಡುಕಬೇಕಾದದ್ದು ನಾವು. ವಾರವಾರವೂ ನಾನೇ ಮೊದಲು ಹುಡುಕುತ್ತಿದ್ದೆ.

"ಅದು ಹ್ಯಾಗಮ್ಮ ನಿನಗೆ ಅಷ್ಟು ಬೇಗ ಕಾಣುತ್ತೆ?" ಎಂದು ಒಮ್ಮೆ ಕೇಳಿದರು.

ನಾನು ಅಪ್ಪನ ಬೇಲಿನ ಕತೆ ಹೇಳಿದೆ. ಮೇಲಿನ ಸಾಲು, ಕೆಳಗಿನ ಸಾಲು ಯಾವಾಗಲೂ ಚೆನ್ನಾಗಿರುತ್ತದೆ ಸಾರ್, ಅದಕ್ಕೆ ನೇರವಾಗಿ ನಡುವಿಗೆ ಹೋಗುತ್ತೇನೆ ಎಂದೆ. ಅವರು ನಕ್ಕ ನಗುವಿಗೆ ಪಕ್ಕದ ಕ್ಲಾಸಿನವರು ಬಾಗಿಲಿಗೆ ಬಂದು ನೋಡಿದರು. ಅಂದಿನಿಂದ ಶನಿವಾರ ಒಳಗೆ ಬರುತ್ತಲೇ "ಬೇಲು ತಂದಿದೀನಿ, ಕೈ ಹಾಕ್ರಪ್ಪ" ಅನ್ನುವರು.

ನಾನು ಕೊನೆಯ ವರ್ಷದಲ್ಲಿದ್ದಾಗ, ಪಾಠ ಅರ್ಧಕ್ಕೆ ನಿಂತಿರುವಾಗ, ಮೇಷ್ಟ್ರು ಕೆಲಸ ಬಿಟ್ಟು ಮುಂಬೈಗೆ ಹೋದರು. ಷೇರುಪೇಟೆಯ ಏರಿಳಿತವನ್ನು ಗಣಿತದಿಂದ ಹಿಡಿಯುತ್ತಾರಂತೆ ಎಂದು ಬೇರೆಯವರು ಹೇಳಿದರು. ನಮಗೊಂದು ಮಾತೂ ಹೇಳಿರಲಿಲ್ಲ. ಶನಿವಾರ ಬೋರ್ಡು ಖಾಲಿ ಇತ್ತು. ನನಗೆ ಸಿಟ್ಟು ಬಂತು, ಆ ಸಿಟ್ಟು ಇಳಿಯಲೂ ಇಲ್ಲ. ನಾನು ಬಿ.ಎಡ್. ಮುಗಿಸಿ ಗಣಿತದ ಟೀಚರಾಗಿ, ಹಾರನಹಳ್ಳಿ ಹೋಬಳಿಯ ಒಂದು ಹೈಸ್ಕೂಲಿಗೆ ಹೆಡ್‌ಮಿಸ್ ಆಗುವ ಹೊತ್ತಿಗೆ ಮೇಷ್ಟ್ರು ದೊಡ್ಡ ಸಾಹುಕಾರರಾಗಿದ್ದರು. ಅಲ್ಲಿ ಆಸ್ಪತ್ರೆ ಕಟ್ಟಿಸಿದರಂತೆ, ಇಲ್ಲಿ ಕೆರೆ ತೋಡಿಸಿದರಂತೆ ಎಂಬ ಸುದ್ದಿ ಬರುತ್ತಿತ್ತು. ಅವರ ಆಸ್ತಿಗೆ ಜನರ ಬಾಯಲ್ಲಿ ವಾರಕ್ಕೊಂದು ಸೊನ್ನೆ ಸೇರುತ್ತಿತ್ತು.

ಮೂರು ವರ್ಷದ ಹಿಂದೆ, ಫೆಬ್ರವರಿಯಲ್ಲಿ, ಅವರು ಹೇಳದೆ ಕೇಳದೆ ನಮ್ಮ ಶಾಲೆಗೆ ಬಂದಿಳಿದರು. ಮೈ ಇಳಿದುಹೋಗಿತ್ತು. ಹಣೆಯಲ್ಲಿ ಅದೇ ವಿಭೂತಿ. "ಒಂದು ಪೀರಿಯಡ್ ಕೊಡಮ್ಮ" ಎಂದು ಹತ್ತನೇ ತರಗತಿಗೆ ಹೋಗಿ ಬೋರ್ಡಿನ ತುಂಬ ಬರೆದು ಕೈಕಟ್ಟಿ ನಿಂತರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು, ನಾಲ್ಕನೇ ಸಾಲಿನಲ್ಲಿ ಎರಡೂ ಕಡೆಯಿಂದ ಹೊಡೆದುಹಾಕಿದ ಪದದ ಬೆಲೆ ಸೊನ್ನೆ ಸಾರ್, ಹಾಗೆ ಹೊಡೆಯುವಂತಿಲ್ಲ ಎಂದಳು. ಮೇಷ್ಟ್ರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನಾನು ನಗಲಿಲ್ಲ.

ಅವಳು ಹೊಗೆಸೊಪ್ಪಿನ ಮನೆಯ ಹುಡುಗಿಯೇ. ಗಣಿತವೆಂದರೆ ಪ್ರಾಣ. ಆದರೆ ಸೈನ್ಸ್ ಓದಬೇಕಾದರೆ ಹುಣಸೂರಿಗೆ ಹೋಗಬೇಕು. ಸಂಜೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅವಳ ಅಪ್ಪ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: "ನಂಬ್ಕೆ ಬಸ್ಸಿದ್ರೆ ಕಳಿಸ್ತೀನಿ ಕಣ್ರೀ ಮೇಡಂ. ಇಲ್ದಿದ್ರೆ ಬುಡಿ, ಇಲ್ಲೇ ನಡ್ಕೊಂಡ್ ಓಗೋ ಕಾಲೇಜ್ನಾಗೆ ಆರ್ಟ್ಸ್ ಓದ್ಲಿ." ಇದನ್ನು ನಾನು ಮೇಷ್ಟ್ರಿಗೆ ಹೇಳಿದೆ. ಹೇಳಬೇಕೆಂದು ಹೇಳಿದ್ದಲ್ಲ, ಕಾಫಿ ಕುಡಿಯುವಾಗ ಬಾಯಿಗೆ ಬಂತು.

ಹದಿನೈದು ದಿನಕ್ಕೆ ಟ್ರಸ್ಟಿನಿಂದ ಒಪ್ಪಂದಪತ್ರ ಬಂತು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳನ್ನು ಹುಣಸೂರಿನ ಕಾಲೇಜಿಗೆ ಬಿಟ್ಟು ಕರೆತರಲು ಒಂದು ಬಸ್ಸು, ಹದಿನೈದು ವರ್ಷ, ಕಾಸಿಲ್ಲದೆ. ಬಸ್ಸು ನಿಲ್ಲಿಸಲು ಶಾಲೆಯ ಹಿಂದಿನ ಖಾಲಿ ಜಾಗ ಬಳಸಿಕೊಳ್ಳುತ್ತೇವೆ. ಮೇ ಕೊನೆಯೊಳಗೆ ಸಹಿ ಮಾಡಿ ಕಳಿಸಿದರೆ ಜೂನ್‌ನಲ್ಲಿ ಬಸ್ಸು. ಶಾಲಾ ಸಮಿತಿಯವರು "ಮೇಡಮ್ಮೋರು ಓದಿ ಊಂ ಅಂದ್ರೆ ನಾವೂ ಊಂ" ಎಂದು ಎಲ್ಲವನ್ನೂ ನನ್ನ ತಲೆಗೆ ಕಟ್ಟಿದರು.

ಮೊದಲ ಪುಟ ಚೆನ್ನಾಗಿತ್ತು. ಕೊನೆಯ ಪುಟ ಇನ್ನೂ ಚೆನ್ನಾಗಿತ್ತು. ನಾನು ನಡುವಿಗೆ ಹೋದೆ. ಹಿಂದಿನ ಖಾಲಿ ಜಾಗ ಯಾಕೆ ಬೇಕು? ವೀರನಹೊಸಹಳ್ಳಿ ಕಡೆ ಕಾಡಿನಂಚಿನ ಒಂದೊಂದು ಗುಂಟೆಗೂ ರೆಸಾರ್ಟಿನವರು ಬಾಯಿ ಬಿಟ್ಟುಕೊಂಡು ಕೂತಿರುವ ಕಾಲ ಇದು. ಹದಿನೈದೇ ವರ್ಷ ಯಾಕೆ? ಷೇರು ವ್ಯಾಪಾರ ಮಾಡುವವರು ಸುಮ್ಮನೆ ಯಾಕೆ ಕೊಡುತ್ತಾರೆ? ಇಷ್ಟು ಹಳ್ಳಿಗಳಿರುವಾಗ ನಮ್ಮದೇ ಯಾಕೆ? ರಜೆಯೆಲ್ಲ ಅದನ್ನೇ ಓದಿದೆ. ಅಡಿಗೆರೆ ಎಳೆದೆಳೆದು ಕಾಗದ ತೂತಾಯಿತು. ಮೇ ತಿಂಗಳ ಕೊನೆಯಲ್ಲಿ ಸಹಿಯ ಬದಲು ಹನ್ನೊಂದು ಪ್ರಶ್ನೆ ಬರೆದು ಅಂಚೆಗೆ ಹಾಕಿದೆ. ಹತ್ತು ಒಪ್ಪಂದದ ಬಗ್ಗೆ. ಹನ್ನೊಂದನೆಯದು: ನೀವು ಅಂದು ಪಾಠ ಬಿಟ್ಟು ಹೋದದ್ದು ಯಾಕೆ?

ಉತ್ತರ ಬರಲಿಲ್ಲ. ಮೇಷ್ಟ್ರ ಫೋನ್ ನಂಬರು ನನ್ನ ಹತ್ತಿರ ಇತ್ತು, ಮಾಡಲಿಲ್ಲ. ಬೇಕಾದವರು ಅವರು, ಅವರೇ ಮಾಡಲಿ ಎಂಬ ಜಂಬ. ಜೂನ್ ಎರಡನೇ ವಾರ ಹುಡುಗಿಯ ಅಪ್ಪ ಶಾಲೆಗೆ ಬಂದ. ಅಡ್ಮಿಷನ್ನಿಗೆ ಎರಡೇ ದಿನ ಉಳಿದಿತ್ತು.

"ಬಸ್ಸು ಬತ್ತದಾ ಮೇಡಂ? ಒಂದ್ ಮಾತ್ ಏಳ್ಬುಡಿ. ಮಗಳು ಮೂರ್ ದಿನದಿಂದ ಸರ್ಯಾಗಿ ಉಣ್ತಾ ಇಲ್ಲ."

"ಅದನ್ನ ನೆಚ್ಚಿಕೊಳ್ಳಬೇಡಿ" ಎಂದೆ. "ಒಳಗೆ ಏನೋ ಇದೆ. ಕೇಳಿದ್ದಕ್ಕೆ ಉತ್ತರ ಕೊಡದೆ ಕೂತಿದ್ದಾರೆ ಅಂದರೆ ಇನ್ನೇನು ಅರ್ಥ?"

ಅವನು ತಲೆಯಾಡಿಸಿ ಹೋದ. ಹುಡುಗಿ ಆರ್ಟ್ಸಿಗೆ ಸೇರಿದಳು. ಒಂದು ಊರನ್ನು ಮೋಸಹೋಗದಂತೆ ಉಳಿಸಿದೆನೆಂದು ಅಂದು ಊಟ ಕೂಡ ರುಚಿಯಾಗಿತ್ತು ನನಗೆ.

ಆಗಸ್ಟಿನಲ್ಲಿ ಮೇಷ್ಟ್ರು ಹೋದರು. ನಾನು ಒಪ್ಪಂದವನ್ನು ಮತ್ತೆ ಓದಿದ್ದು ಆ ದಿನವೇ. ವಾರ ಕಳೆದ ಮೇಲೆ ಅವರ ಮಗಳು ಒಂದು ಲಕೋಟೆ ಕಳಿಸಿದರು. ಅಪ್ಪ ಮೇ ತಿಂಗಳಿಂದ ಆಸ್ಪತ್ರೆಯಲ್ಲೇ ಇದ್ದರು, ಇದು ಅವರ ಹಾಸಿಗೆ ಪಕ್ಕದ ಪುಸ್ತಕದೊಳಗೆ ಸಿಕ್ಕಿತು, ನೀವು ಸಹಿ ಮಾಡಿದರೆ ಬಸ್ಸಿನ ಮಾತು ಈಗಲೂ ಇದೆ ಎಂದು ಚೀಟಿ. ಒಳಗೆ ನನ್ನದೇ ಪ್ರಶ್ನೆಗಳ ಹಾಳೆ. ಒಂದೊಂದರ ಕೆಳಗೂ ನಡುಗುವ ಅಕ್ಷರದಲ್ಲಿ ಉತ್ತರ. ಖಾಲಿ ಜಾಗ: ಬಸ್ಸು ರಸ್ತೆಯಲ್ಲಿ ತಿರುಗಿದರೆ ಮಕ್ಕಳಿಗೆ ಅಪಾಯ, ಬೇಡವಾದರೆ ಆ ಸಾಲು ಹೊಡೆದುಹಾಕು. ಹದಿನೈದು ವರ್ಷ: ಬಸ್ಸಿನ ಆಯಸ್ಸು ಅಷ್ಟೇ. ನಿಮ್ಮ ಊರೇ ಯಾಕೆ: ಹಿಂದಿನ ಬೆಂಚಿನವಳಿಗಾಗಿ. ಹನ್ನೊಂದನೆಯದಕ್ಕೆ: ದುಡ್ಡಿನ ಆಸೆ ಕಣಮ್ಮ, ನಿಮ್ಮೆದುರು ನಿಂತು ಹೇಳಲು ಮುಖವಿರಲಿಲ್ಲ. ಕೆಳಗೆ, ಅಂಚಿನಲ್ಲಿ, ಇನ್ನೊಂದು ಸಾಲು ಇತ್ತು.

"ನೀನು ಕೈ ಹಾಕುತ್ತೀಯ ಅಂತ ಗೊತ್ತಿತ್ತು. ಈ ಸಲ ಒಳಗೆ ಏನೂ ಇಟ್ಟಿರಲಿಲ್ಲ."

ಆಗ ಅತ್ತೆ. ಅವರಿಗಾಗಿ ಅತ್ತದ್ದು ಕಡಿಮೆ. ಊರಿನ ಮೇಲಿನ ಕಾಳಜಿ ಎಂದು ನಾನು ಹೇಳಿಕೊಂಡದ್ದರಲ್ಲಿ ಬಹುಪಾಲು ಆ ಖಾಲಿ ಬೋರ್ಡಿನ ಸಿಟ್ಟೇ ಆಗಿತ್ತು. ಅದನ್ನು ಕಂಡು ಅತ್ತೆ. ಅದಕ್ಕೆ ದಂಡ ತೆತ್ತವಳು ಬೇರೆಯವಳು.

ಅಂದೇ ಮಧ್ಯಾಹ್ನ ಕಾಗದಗಳನ್ನು ಹಿಡಿದು ಹುಡುಗಿಯ ಮನೆಗೆ ಹೋದೆ. ಎಲೆ ಕೀಳುವ ಕಾಲ. ಬ್ಯಾರನ್ನಿನ ನೆರಳಲ್ಲಿ ಅವಳೂ ಅವಳ ತಂಗಿಯೂ ಹಸಿ ಎಲೆಯನ್ನು ಕಡ್ಡಿಗೆ ಪೋಣಿಸುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ, ನನ್ನ ತಪ್ಪೇ ಎಂದೂ ಹೇಳಿದೆ. ಸಹಿ ಮಾಡುತ್ತೇನೆ, ಮುಂದಿನ ಜೂನ್‌ಗೆ ಬಸ್ಸು ಬರುತ್ತದೆ, ಮತ್ತೆ ಫಸ್ಟ್ ಪಿಯುಸಿಯಿಂದ ಶುರು ಮಾಡು ಎಂದೆ. ಅವಳ ಅಪ್ಪ ಪೋಣಿಸಿ ಮುಗಿಸಿದ ಕಡ್ಡಿಯೊಂದನ್ನು ಎತ್ತಿ ಪಕ್ಕಕ್ಕಿಟ್ಟ.

"ಒಂದ್ ವರ್ಸ ಓಯ್ತು ಅಂದ್ರೆ ಓಯ್ತು ಮೇಡಂ. ಇನ್ನೊಂದ್ ವರ್ಸ ಎಲ್ಲಿಂದ ತರಾನ? ಚಿಕ್ಕೋಳು ಓಯ್ತಾಳೆ ಬುಡಿ ಆ ಬಸ್ನಾಗೆ."

ನಾನು ಹುಡುಗಿಯನ್ನೇ ನೋಡಿದೆ. ಅವಳು ಅಪ್ಪನಿಗೆ ಎದುರಾಡಲಿಲ್ಲ. ಕೈ ಚಾಚಿ, "ಆ ಕಾಗ್ದ ಕೊಡಿ ಮೇಡಂ, ನೋಡ್ತೀನಿ" ಎಂದಳು. ಹಸಿ ಎಲೆಯ ಅಂಟಿನಿಂದ ಬೆರಳೆಲ್ಲ ಕಪ್ಪಾಗಿದ್ದವು. ನಾನು ಬೇಸಿಗೆಯೆಲ್ಲ ಕೂತು ಓದಿದ್ದನ್ನು ಅವಳು ನಿಂತಲ್ಲೇ ಓದಿದಳು, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು. ನಡುವಿನ ಪುಟದಲ್ಲಿ ಸ್ವಲ್ಪ ನಿಂತಳು. ಹಿಂದೆ ತಿರುಗಿಸಿ ಇನ್ನೊಮ್ಮೆ ನೋಡಿದಳು.

"ಎಲ್ಲಾ ಸರ್ಯಾಗೇ ಅದೆ ಅಲ್ವಾ ಮೇಡಂ" ಎಂದು ನನ್ನ ಕೈಗೆ ವಾಪಸು ಕೊಟ್ಟು, ಅರ್ಧಕ್ಕೆ ಬಿಟ್ಟಿದ್ದ ಕಡ್ಡಿಯನ್ನು ಎತ್ತಿಕೊಂಡಳು.