ಕಾಲು ತೊಳೆದು ಕಾಡಿಗೆ

ನಾವೆಲ್ಲ ಹೊರಗಿನಿಂದ ಬಂದರೆ ಕಾಲು ತೊಳೆದು ಮನೆಯೊಳಗೆ ಹೋಗುತ್ತೇವೆ. ನಮ್ಮೂರ ಪಶು ಆಸ್ಪತ್ರೆಯ ಕಂಪೌಂಡರ್ ಕೈಕಾಲು ತೊಳೆದು ಕಾಡಿಗೆ ಹೋಗುತ್ತಿದ್ದರು.

ಕವಲೇದುರ್ಗದ ಕೆಳಗಿನ ಕಾಡಿಗೆ ಎಷ್ಟೋ ವರ್ಷಗಳ ಮೇಲೆ ಸೀಳುನಾಯಿಗಳು ಮರಳಿವೆ ಎಂಬ ಸುದ್ದಿ ಬಂದಾಗಿನಿಂದ ಅವರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮನೆಮನೆಗೆ ಹೋಗಿ ನಾಯಿಗಳಿಗೆ ಲಸಿಕೆ ಚುಚ್ಚುತ್ತಿದ್ದರು. ಯಾರಾದರೂ ಗೊಣಗಿದರೆ ಅದೇ ಮಾತು: "ಊರ್ ನಾಯಿ ಕಾಯಿಲೆ ಅವಕ್ಕೆ ತಗುಲಿದ್ರೆ ಗುಂಪಿಗೆ ಗುಂಪೇ ಹೋಗ್ತದೆ ಮಾರಾಯ್ರೆ!" ಬೈಕಿಗೆ ಕಟ್ಟಿಕೊಂಡಿದ್ದ ನೀರಿನ ಕ್ಯಾನು, ಸೋಪು ಅದಕ್ಕೇ. ಇಷ್ಟು ಮಾಡಿಯೂ ಅವರು ಒಂದೇ ಒಂದು ಸೀಳುನಾಯಿಯನ್ನು ಕಣ್ಣಾರೆ ಕಂಡಿರಲಿಲ್ಲ.

ಒಂದು ಸಂಜೆ ಲಸಿಕೆ ಮುಗಿಸಿ ಬರುತ್ತಿದ್ದವರು, ತೀರ್ಥಹಳ್ಳಿಯ ಬಸ್ಸಿಳಿದ ನನ್ನನ್ನು ಬೈಕಿಗೆ ಹತ್ತಿಸಿಕೊಂಡರು. ಕ್ಯಾನು ಖಾಲಿಯಾಗಿತ್ತು. ಕಾಡಿನ ತಿರುವಿನಲ್ಲಿ ಪೊದೆಯಾಚೆಯಿಂದ, ಸೀಳುನಾಯಿಗಳು ಒಂದನ್ನೊಂದು ಕರೆಯುವಂಥ ಸಣ್ಣ ಸಿಳ್ಳೆ ಕೇಳಿಸಿತು. ಬೈಕು ನಿಂತಿತು. ನಾನು ಮೆಲ್ಲಗೆ ಪೊದೆ ಸರಿಸಿದೆ. ಕೆಂಪು ಮೈ, ಕಪ್ಪು ಬಾಲ! ಜೊತೆಗೆ ಮರಿಗಳು! ಬೇಗ ಬನ್ನಿ ಎಂದು ಕೈಸನ್ನೆ ಮಾಡಿದೆ.

ಅವರು ಟಾರು ರಸ್ತೆಯಿಂದ ಇಳಿಯಲೇ ಇಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತುದಿಗಾಲಲ್ಲಿ ಕುಣಿಯುತ್ತ ಪಿಸುಗುಟ್ಟಿದರು:

"ಕಾಲ್ ತೊಳ್ದಿಲ್ಲ ಕಣ್ರೀ! ಎಷ್ಟ್ ಮರಿ? ಎಣ್ಸಿ, ಎಣ್ಸಿ ಹೇಳಿ!"