ದಶೈಂಗೊಬ್ಬ ಹಿರಿಯ

ಕನ್ನಡಿಗೆ ದಾಕ್ಷಿಣ್ಯ ಜಾಸ್ತಿ. ಚನ್ನರಾಯಪಟ್ಟಣದ ನಮ್ಮ ಮನೆಯ ಕನ್ನಡಿಯಂತೂ, ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ, ಭಾನುವಾರ ತಲೆಗೆ ಕಪ್ಪು ಬಳಿದುಕೊಂಡ ಮೇಲೆ ನಲವತ್ತೆಂಟಕ್ಕಿಂತ ಒಂದು ದಿನವನ್ನೂ ಹೆಚ್ಚು ತೋರಿಸಿದ್ದಿಲ್ಲ. ನಿಜ ಹೇಳಲು ನೇಪಾಳದವರೇ ಬರಬೇಕಾಯಿತು.

ಅವರು ನಮ್ಮ ಮಹಡಿಯ ಬಾಡಿಗೆದಾರರು, ದೀಪಕ್ ಮತ್ತು ಸುನೀತಾ. ಅವನು ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಗೋಬಿ ಮಂಚೂರಿ ಮಾಡುವವನು. ಹೆಂಡತಿಯನ್ನು ಕರೆತಂದು ವರ್ಷವೂ ತುಂಬಿರಲಿಲ್ಲ. ನವರಾತ್ರಿಯ ಹಿಂದಿನ ದಿನ ಇಬ್ಬರೂ ಇಳಿದು ಬಂದು ಬಾಗಿಲಲ್ಲಿ ನಿಂತರು. ಮಾತು ತೆಗೆದವನು ದೀಪಕ್.

“ಸಾ, ದಶೈಂ ಬಂತು. ನಿಮ್ ದಸರಾನೇ, ನಮ್ಗೆ ಅದೇ ದೊಡ್ಡಬ್ಬ. ಅವತ್ತು ವಯಸ್ಸಾದೋರು ಅಣೆಗೆ ಟೀಕಾ ಇಟ್ಟು ಆಶೀರ್ವಾದ ಮಾಡ್ಬೇಕು. ಊರಿಗೋಗಕ್ಕೆ ರಜ ಇಲ್ಲ. ಇಲ್ಲಿ ನಮ್ಗೆ ಗೊತ್ತಿರೋರಲ್ಲಿ ನೀವೇ ಎಲ್ರಿಗಿಂತ ಮುದುಕ್ರು.”

ಒಳಗಿನಿಂದ ನನ್ನಾಕೆಯ ದನಿ ಬಂತು. “ಒಪ್ಕೊಳ್ರೀ. ಇಂಥ ಹುದ್ದೆ ಮತ್ತೆ ಸಿಗಲ್ಲ.”

ವೃದ್ಧ ಎಂದರೆ ವೃದ್ಧಿ ಹೊಂದಿದವನು ಎಂದೇ ಧಾತ್ವರ್ಥ ಎಂದು ನನಗೆ ನಾನೇ ವ್ಯಾಕರಣ ಹೇಳಿಕೊಂಡು ಒಪ್ಪಿದೆ. ಒಪ್ಪಿದ ಮೇಲೆ ಉತ್ಸಾಹ ಹೆಚ್ಚಾಯಿತು. ಮೊದಲ ದಿನ ಬಾರ್ಲಿ ಬಿತ್ತಿ, ಬೆಳಕು ತಾಗದಂತೆ ಮುಚ್ಚಿಟ್ಟು, ಹತ್ತನೆಯ ದಿನ ಆ ಹಳದಿ ಮೊಳಕೆಯನ್ನು ಕಿವಿಗೆ ಮುಡಿಸುವುದು ಅವರ ಸಂಪ್ರದಾಯ. ಬಾರ್ಲಿ ನಾನೇ ತರುತ್ತೇನೆಂದೆ. ದಿನಸಿ ಅಂಗಡಿಯಿಂದ, ಉಷ್ಣವಾದವರು ಗಂಜಿ ಕಾಯಿಸಿ ಕುಡಿಯುವ ಬೆಳ್ಳನೆಯ ಬಾರ್ಲಿಯನ್ನು ತಂದು ಕೊಟ್ಟೆ. ಸುನೀತಾ ಮರಳು ತುಂಬಿದ ತಟ್ಟೆಯಲ್ಲಿ ಭಕ್ತಿಯಿಂದ ಬಿತ್ತಿದಳು.

ನಾಲ್ಕನೆಯ ದಿನ ತಟ್ಟೆಯಿಂದ ಹುಳಿ ವಾಸನೆ ಬಂತೇ ಹೊರತು ಮೊಳಕೆ ಬರಲಿಲ್ಲ. “ಪೈರಿಲ್ದೆ ದಶೈಂ ಮಾಡಿದ್ದೇ ಇಲ್ಲ ಸಾ” ಎಂದಷ್ಟೇ ಹೇಳಿ ಅವಳು ಮುಖ ತಿರುಗಿಸಿಕೊಂಡಳು. ನಗುವ ಮನಸ್ಸು ಆಗ ನನಗೂ ಇರಲಿಲ್ಲ.

ಹಳ್ಳಿಮೈಸೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು, ಇವತ್ತಿಗೂ ಹೊಲ ನೋಡಿಕೊಳ್ಳುವವಳು.

“ಪಾಲಿಶ್ ಮಾಡಿದ್ ಕಾಳು ಮೊಳ್ಯಾದುಂಟೇನ್ಲಾ?” ಎಂದಳು. “ನಾಳೆ ಅಕ್ಕಿ ಬಿತ್ತಿ ಭತ್ತ ಬೆಳಿತೀಯ ನೀನು. ಮುಸುಕಿನ ಜೋಳ ಆಯ್ತದಾ, ಕೇಳು ಆ ಮಗೀನ.”

ಕೇಳಿದೆ. ಅವರ ಊರಲ್ಲೂ ಬಾರ್ಲಿಯ ಜೊತೆ ಜೋಳ ಬಿತ್ತುತ್ತಾರಂತೆ. ಅದೇ ಸಂಜೆಯ ಬಸ್ಸಿಗೆ ಅಕ್ಕ ಬಿತ್ತನೆ ಜೋಳದ ಜೊತೆ ತಾನೂ ಬಂದಿಳಿದಳು. ನನ್ನ ವ್ಯವಸಾಯದ ಮೇಲೆ ಅವಳಿಗೆ ನಂಬಿಕೆ ಉಳಿದಿರಲಿಲ್ಲ. ಜೋಳ ಆರೇ ದಿನದಲ್ಲಿ ನಾಲ್ಕು ಬೆರಳೆತ್ತರ ಎದ್ದು ನಿಂತಿತು.

ವಿಜಯದಶಮಿಯ ಬೆಳಿಗ್ಗೆ ನಾನು ರೇಷ್ಮೆ ಶಲ್ಯ ಹೊದ್ದು, ಉರು ಹೊಡೆದ ಸಂಸ್ಕೃತದ ಆಶೀರ್ವಚನವೊಂದನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಮಹಡಿ ಹತ್ತಿದೆ. ಅಕ್ಕಿ, ಮೊಸರು, ಕುಂಕುಮ ಕಲೆಸಿದ ತಟ್ಟೆ ಹಿಡಿದಿದ್ದ ಸುನೀತಾ ನನ್ನನ್ನು ದಾಟಿಕೊಂಡು ಹೋಗಿ, ಬಾಗಿಲಾಚೆ ನಿಂತಿದ್ದ ಅಕ್ಕನ ಮುಂದೆ ನಿಂತಳು.

“ಅಜ್ಜಿ, ನೀವೇ ದೊಡ್ಡೋರು. ನೀವು ಇಡಿ.”

ಅಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. ಭಾವ ಹೋಗಿ ಇಪ್ಪತ್ತು ವರ್ಷ. ಅಂದಿನಿಂದ ಯಾರ ಮನೆಯ ಶುಭಕಾರ್ಯದಲ್ಲೂ ಅವಳು ಮುಂದೆ ನಿಂತಿದ್ದಿಲ್ಲ, ನಿಲ್ಲು ಎಂದು ನಾವೂ ಅಂದಿದ್ದಿಲ್ಲ.

“ನಾನು ಕುಂಕುಮ ಮುಟ್ಬಾರ್ದು ಕಣವ್ವ. ನಮ್ಮ ಯಜಮಾನ್ರು ಇಲ್ಲ.”

“ನಮ್ಮನೇಲೂ ತಾತ ಇಲ್ಲ. ಅಜ್ಜಿನೇ ಇಡೋದು” ಎಂದಳು ಸುನೀತಾ, ಇದರಲ್ಲಿ ತೊಡಕೇನಿದೆ ಎಂಬಂತೆ.

ಅಕ್ಕ ನನ್ನ ಮುಖ ನೋಡಿದಳು. “ಇಡಕ್ಕ” ಎಂದೆ. ಇಪ್ಪತ್ತು ವರ್ಷ ತಡವಾಗಿ ಅಂದೆ.

ಅವಳು ಮೂರು ಬೆರಳಲ್ಲಿ ಅಕ್ಕಿ ಎತ್ತಿಕೊಂಡಳು. ದೀಪಕನ ಟೀಕಾ ಹುಬ್ಬಿನವರೆಗೆ ಜಾರಿತು. ಸುನೀತಾಳದು ನೆಟ್ಟಗೆ ಕೂತಿತು. ಅವರ ಕಿವಿಗೆ ಜೋಳದ ಪೈರು ಸಿಕ್ಕಿಸಿ, “ಉಣ್ಣಕ್ಕೆ ಉಡಕ್ಕೆ ಕಮ್ಮಿ ಆಗ್ದಂಗೆ ತಣ್ಣಗಿರ್ರಪ್ಪ” ಎಂದಳು. ನನ್ನ ಸಂಸ್ಕೃತ ನಾಲಿಗೆಯ ಮೇಲೆಯೇ ಉಳಿಯಿತು.

ಆಮೇಲೆ ತಟ್ಟೆ ನನ್ನ ಕಡೆ ತಿರುಗಿತು.

“ಬಾರ್ಲಾ, ನೀನೂ ಬಗ್ಗು” ಎಂದಳು ಅಕ್ಕ. “ಚಿಕ್ಕೋನಲ್ವಾ ನೀನು.”

ಬಗ್ಗಿದೆ. ಅವ್ವ ಹೋದ ಮೇಲೆ ನನ್ನ ತಲೆಯ ಮೇಲೆ ಯಾರೂ ಕೈಯಿಟ್ಟಿರಲಿಲ್ಲ. ಮೊಸರು ತಣ್ಣಗೆ ಮೂಗಿನ ಮೇಲೆ ಇಳಿಯುತ್ತಿತ್ತು. ಒರೆಸಿಕೊಳ್ಳದೆ ಹಾಗೆಯೇ ಸ್ವಲ್ಪ ಹೊತ್ತು ಬಗ್ಗಿಕೊಂಡೇ ಇದ್ದೆ.