ಟಾರ್ಚ್ ಸೆಲ್ಲಿನಷ್ಟು ವೋಲ್ಟೇಜು

ನನ್ನ ತಮ್ಮ ಶಿವರಾಯ ಸುಟ್ಟ ಮೋಟರನ್ನು ಮೂಸಿ ನೋಡುತ್ತಿದ್ದ, ನಾವು ಹೆಂಗಸರು ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ಮೂಸುವ ಹಾಗೆ. ಕಮಲಾಪುರದ ಬಾಳೆತೋಟಗಳ ಪಂಪುಗಳೆಲ್ಲ ರಿಪೇರಿಗೆ ಅವನ ಅಂಗಡಿಗೇ ಬರುತ್ತಿದ್ದವು. ಮುಚ್ಚಳ ಬಿಚ್ಚಿ, ಮೂಗು ಒಳಗಿಟ್ಟು, ಕಣ್ಣು ಮುಚ್ಚಿ, “ವೋಲ್ಟೇಜ್ ಕಮ್ಮಿ ಬಂದು ಸುಟ್ಟದ” ಅನ್ನುತ್ತಿದ್ದ. ಬಹಳ ಸಲ ಅದೇ ಖರೆ ಇರುತ್ತಿತ್ತು. ಕರೆಂಟು ಸೊರಗಿದರೆ ಮೋಟರು ತಿಣುಕುತ್ತದೆ, ತಿಣುಕಿ ತಿಣುಕಿ ಬಿಸಿಯಾಗಿ ಸುಡುತ್ತದೆ. ಹುಟ್ಟಾ ಇದನ್ನೇ ಕಂಡವನು. “ಹೆಚ್ಚು ಕೊಟ್ರ ಓಡ್ತದ, ಕಮ್ಮಿ ಕೊಟ್ರ ಸುಡ್ತದ” ಎಂಬುದೊಂದೇ ಅವನ ಮಾತು. ಎಮ್ಮೆಯ ಹಿಂಡಿಗೂ ಅದೇ, ಸಾರಿನ ಖಾರಕ್ಕೂ ಅದೇ.

ಒಳ್ಳೆಯವನಾಗಿದ್ದ, ಅದೇ ದೊಡ್ಡ ಕಾಟ. ನನ್ನ ಗಂಡ ಸತ್ತ ಮೇಲೆ ಶಹಾಬಜಾರದ ಈ ತಗಡಿನ ಮನೆಗೆ ವೈರು ಎಳೆದವನು ಅವನು. ಬರುವಾಗ ಕೆಂಪು ಬಾಳೆಹಣ್ಣು ತರದೆ ಬಂದವನಲ್ಲ. ಬಂದ ಮೇಲೆ ಮನೆಯ ಯಾವುದಾದರೂ ವಸ್ತು ಬಿಚ್ಚದೆ ಹೋದವನೂ ಅಲ್ಲ.

ನನ್ನ ಮೊಮ್ಮಗಳು ಭಾಗ್ಯ ಕಂಪ್ಯೂಟರಿನಲ್ಲಿ ಮನೆಗಳ ಓಡುವ ಚಿತ್ರ ಮಾಡುತ್ತಿದ್ದಳು. ಇನ್ನೂ ಕಟ್ಟದ ಮನೆಯೊಳಗೆ ನಾವೇ ತಿರುಗಾಡಿದಂತೆ ಕಾಣುತ್ತಿತ್ತು. ಶರಣಸಿರಸಗಿಯಲ್ಲಿ ಹೊಸ ಲೇಔಟು ಹಾಕುತ್ತಿದ್ದ ಮಾಲಕನೊಬ್ಬ ಅವಳಿಗೆ ಮಾತು ಕೊಟ್ಟಿದ್ದ: ಭೂಮಿಪೂಜೆಯ ದಿನಕ್ಕೆ ಇಡೀ ಕಾಲೊನಿಯ ಚಿತ್ರ ತೋರಿಸಿದರೆ ಕೆಲಸ ಖಾಯಂ. ಕಂಪ್ಯೂಟರು ಹಳೆಯದು, ಆಮೆಯ ಹಾಗೆ ನಡೆಯುತ್ತಿತ್ತು. ಸ್ಟೇಶನ್ ಬಜಾರದ ಕಂಪ್ಯೂಟರ್ ರಿಪೇರಿಯ ಚಾಂದಪಾಷಾ ಅದರ ಪ್ರೊಸೆಸರನ್ನು ಜೋರಾಗಿ ಓಡಿಸುವ ದಾರಿ ತೋರಿಸಿಕೊಟ್ಟ. ನಾನೂ ಅಲ್ಲೇ ಕೂತಿದ್ದೆ.

“ಬೇಟಾ, ಸ್ಪೀಡ್ ಒಂದೀಟು ಏರಸು. ನಡು ನಿಂತ್ರ ವೋಲ್ಟೇಜ್ ಕೂದಲೆಳಿಯಷ್ಟು ಕೊಡು. ಬಿಸಿ ಏರಿದ್ರ ಇಳಸು. ವೋಲ್ಟೇಜ್ ಜೋಡಿ ಮಸ್ತಿ ಬ್ಯಾಡ.”

ಹುಡುಗಿ ಹಾಗೆಯೇ ಮಾಡಿದಳು. ಒಂದು ಕೂದಲೆಳೆ ಏರಿಸುವುದು, ಓಡಲು ಬಿಡುವುದು, ಬಿಸಿ ನೋಡುವುದು. ಹೋಳಿಗೆ ಬೇಯಿಸುವವರು ಉರಿ ನೋಡುವಂಥ ಕೆಲಸ ಅದು. ನಾಲ್ಕನೇ ಇಯತ್ತೆ ಕಲಿತ ನನಗೂ ತಿಳಿಯಿತು. ನನ್ನ ತಮ್ಮನಿಗೆ ತಿಳಿಯಲಿಲ್ಲ.

“ಎಷ್ಟ ಕೊಟ್ಟೀದಿ ಯವ್ವಾ?” ಎಂದು, ಎರಡು ದಿನಕ್ಕೆಂದು ನಮ್ಮ ಮನೆಗೆ ಬಂದಿದ್ದವನು ಭಾಗ್ಯಳನ್ನು ಕೇಳಿದ.

“ಒಂದು ವೋಲ್ಟಿನ ಮ್ಯಾಲ ಚೂರು, ಮುತ್ಯಾ.”

ಅವನು ಕಣ್ಣಲ್ಲಿ ನೀರು ಬರುವಂತೆ ನಕ್ಕ. “ಟಾರ್ಚ್ ಸೆಲ್ಲಿನಾಗೇ ಒಂದೂವರಿ ಇರ್ತದ. ಇದಕ್ಕ ಅದರಕಿಂತ ಕಮ್ಮಿ ಹಾಕಿ ಉಪವಾಸ ಕೆಡವಿದಿ. ಸುಡ್ತದ ನೋಡು.”

“ಇದು ಮೋಟರ್ ಅಲ್ಲ, ಮುತ್ಯಾ. ಇದು ಹೆಚ್ಚು ಕೊಟ್ರೇ ಸುಡ್ತದ.”

“ನನಗ ಕಲಸ್ಲಾಕ ಬಂದಿ?”

ಮರುದಿನ ಚಿತ್ರದ ಕೆಲಸ ಓಡಲು ಬಿಟ್ಟು ಅವಳು ಶರಣಸಿರಸಗಿಗೆ ಹೋದಳು. ಮೇ ತಿಂಗಳು, ತಗಡು ಬೆಂಕಿ ಉಗುಳುತ್ತಿತ್ತು. ಮಧ್ಯಾಹ್ನ ಕಂಪ್ಯೂಟರು ಒಮ್ಮೆ ನಿಂತಿತು. ಅವಳು ಯಾವ ಗುಂಡಿ ಒತ್ತಿ ವೋಲ್ಟೇಜು ಬದಲಿಸುತ್ತಾಳೆಂದು ಇವನು ನೋಡಿಟ್ಟುಕೊಂಡಿದ್ದ.

“ಕೈ ಹಚ್ಚಬ್ಯಾಡಲೇ” ಅಂದೆ.

“ಅಕ್ಕಾ, ನೀ ರೊಟ್ಟಿ ಬಡಿ.”

ಟಾರ್ಚ್ ಸೆಲ್ಲಿನಷ್ಟು ಕೊಟ್ಟು, ಚಿತ್ರದ ಕೆಲಸ ಮತ್ತೆ ಹಚ್ಚಿದ. ಕಂಪ್ಯೂಟರು ಓಡಿತು. ಅದರ ಫ್ಯಾನು ಕಿರುಚುತ್ತಿತ್ತು. “ನೋಡು, ಹೊಟ್ಟಿ ತುಂಬಿದ ಮ್ಯಾಲ ಹೆಂಗ ಓಡ್ಲತ್ತದ” ಎಂದು ಮೀಸೆ ತಿರುವಿದ. ದೀಪ ಹಚ್ಚುವ ಹೊತ್ತಿಗೆ ಅದು ನಿಂತಿತು. ಮತ್ತೆ ಏಳಲಿಲ್ಲ.

ಚಾಂದಪಾಷಾ ಬಿಚ್ಚಿ ನೋಡಿದ. “ಪ್ರೊಸೆಸರ್ ಹೋಗ್ಯದ, ಅಮ್ಮಾ. ಕೊಟ್ಟ ವೋಲ್ಟೇಜಿಗಿ ಬೆಂದು ಹೋಗ್ಯದ.”

ಶಿವರಾಯ ಬಿಸ್ಕೀಟಿನಷ್ಟು ದೊಡ್ಡ ಆ ಬಿಲ್ಲೆಯನ್ನು ಅವನ ಕೈಯಿಂದ ಕಸಿದುಕೊಂಡು ಮೂಸಿದ. ತಿರುವಿ ಹಾಕಿ ಮತ್ತೆ ಮೂಸಿದ. “ವಾಸನಿ ಇಲ್ಲ. ಸುಟ್ಟಿಲ್ಲ ಇದು. ನಿಮ್ಮ ಲೈನಿನ ಕರೆಂಟೇ ಖರಾಬ್ ಅದ.”

ಭಾಗ್ಯ ಬಾಗಿಲ ಬಳಿ ನಿಂತಿದ್ದಳು. ಒಳಗೆ ಬಂದು ಪ್ಲಗ್ಗು ಕಿತ್ತಳು.

ಬೇರೆ ಪ್ರೊಸೆಸರು ಹೈದರಾಬಾದಿನಿಂದ ಬರಬೇಕಿತ್ತು. ಅಷ್ಟರಲ್ಲಿ ಪೂಜೆ ಮುಗಿಯಿತು. ಮಾಲಕ ಬೇರೊಬ್ಬರಿಂದ ಚಿತ್ರ ಮಾಡಿಸಿ ಅವರನ್ನೇ ಇಟ್ಟುಕೊಂಡ. ಭಾಗ್ಯ ಕಂಪ್ಯೂಟರು ಮಾರಿ, ಸ್ಟೇಶನ್ ಬಜಾರದ ಸೀರೆ ಅಂಗಡಿಗೆ ಸೇರಿದಳು. ಗಿರಾಕಿ ಬಿಚ್ಚಿಸಿ ಹೋದ ಸೀರೆಗಳನ್ನು ಮಡಿಸುವುದು ಅವಳ ಕೆಲಸ.

“ನೀನೇ ಸುಟ್ಟೀದಿ” ಎಂದು ನಾನು ಫೋನಿನಲ್ಲಿ ಹೇಳಿದೆ. “ಕರೆಂಟ್ ಸುಟ್ಟದ, ಅಕ್ಕಾ” ಎಂದ. ಎಷ್ಟು ಸಲ ಹೇಳಿದರೂ ಅದೇ.

ಮಳೆ ಹಿಡಿದ ಮೇಲೆ ಒಂದು ದಿನ ಕಮಲಾಪುರದ ಬಸ್ಸಿಳಿದು ಬಂದ. ಬಾಳೆಹಣ್ಣಿರಲಿಲ್ಲ. ಟವೆಲಿನಲ್ಲಿ ಸುತ್ತಿದ ಸ್ಟೆಬಿಲೈಜರು ಇತ್ತು, ತಾನೇ ತಂತಿ ಸುತ್ತಿ ಮಾಡಿದ್ದು. ಕಂಪ್ಯೂಟರು ಇದ್ದ ಮೇಜಿನ ಮೇಲೆ ಆಗ ಹಿಟ್ಟಿನ ಡಬ್ಬಿ ಇತ್ತು. ಅವನು ಡಬ್ಬಿ ನೋಡಿದ, ನನ್ನನ್ನು ನೋಡಿದ. ಆದರೂ ಅದೇ ಗೋಡೆಗೆ ಮೊಳೆ ಹೊಡೆದು ಅದನ್ನು ಕೂರಿಸಿದ. ಭಾಗ್ಯ ಅಂಗಡಿಯಿಂದ ಬಂದಾಗ ಅದರ ವೋಲ್ಟೇಜಿನ ಸೂಜಿ ನೋಡುತ್ತಾ ನಿಂತಿದ್ದ.

“ಇನ್ನ ಏನೂ ಸುಡಂಗಿಲ್ಲ, ಯವ್ವಾ.”

“ಚಾ ಕುಡಿ, ಮುತ್ಯಾ. ಬಸ್ ಹೋಗ್ತದ.”

ಕುಡಿದ, ಹೋದ. ಅವನು ನಮ್ಮ ಮನೆಗೆ ಬಂದದ್ದು ಅದೇ ಕೊನೆ. ದೀಪಾವಳಿಗೆ ಮುಂಚೆ ಎದೆ ಹಿಡಿದು ಅಂಗಡಿಯಲ್ಲೇ ಸತ್ತ. ಮಣ್ಣಿಗೆ ಬಂದ ರೈತರು, ಇಂಥ ಕೈ ಇನ್ನು ಹುಟ್ಟುವುದಿಲ್ಲ ಎಂದರು. ಮೋಟರಿನ ಮಟ್ಟಿಗೆ ಖರೆ. ನಾನು ಅಳಲಿಲ್ಲ. ‘ನಾನೇ ಸುಟ್ಟೆ’ ಎಂಬ ಒಂದು ಮಾತು ಅವನು ಆ ಹುಡುಗಿಗೆ ಕೊಡಬೇಕಿತ್ತು. ಎಲ್ಲವನ್ನೂ ಹೆಚ್ಚಾಗಿ ಕೊಟ್ಟವನು ಅದೊಂದನ್ನು ಕೊಡಲಿಲ್ಲ.

ಸ್ಟೆಬಿಲೈಜರು ಇನ್ನೂ ಗೋಡೆಯ ಮೇಲಿದೆ. ಬೀದಿಯ ಕರೆಂಟು ಏರಿದರೂ ಇಳಿದರೂ ಅದರ ಸೂಜಿ ಅಲುಗುವುದಿಲ್ಲ, ಚೊಕ್ಕ ಕೆಲಸ. ಕೆಳಗೆ ಜೋಡಿಸಲು ಏನೂ ಇಲ್ಲ.